ಉತ್ತರ ಎಲ್ಲಿದೆ? 3ರಿಂದ 5ನೇ ತರಗತಿ ಮಕ್ಕಳಿಗೆ ನಕ್ಷೆ ಮತ್ತು ಕಾಲ ಕಲಿಸುವ ಸಮಗ್ರ ಮಾರ್ಗದರ್ಶಿ

"ಉತ್ತರ ದಿಕ್ಕು ತೋರಿಸು" ಅಂದರೆ ನಾಲ್ಕನೇ ತರಗತಿಯ ಮಗು ತಲೆ ಎತ್ತಿ ಚಾವಣಿ ಕಡೆ ಬೆರಳು ತೋರಿಸುತ್ತದೆ. ದಕ್ಷಿಣ ಎಲ್ಲಿ ಅಂದರೆ ಕಾಲಿನ ಬುಡ. ನಗಬೇಡಿ. ಗೋಡೆಯ ನಕ್ಷೆ ಮುಂದೆ ನಿಂತು "ಮೇಲೆ ಉತ್ತರ, ಕೆಳಗೆ ದಕ್ಷಿಣ" ಅಂತ ಹೇಳಿಕೊಟ್ಟವರು ನಾವೇ. ನಾನೂ ಎರಡು ವರ್ಷ ಹಾಗೇ ಕಲಿಸಿದೆ. ಮಕ್ಕಳು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದರು. ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳಿದಾಗ ಒಬ್ಬರೂ ಸರಿಯಾಗಿ ಹೇಳಲಿಲ್ಲ.

ಐದನೇ ತರಗತಿವರೆಗೆ ಇದೆಲ್ಲ ಪರಿಸರ ಅಧ್ಯಯನದ ಒಳಗೇ ಬರುತ್ತದೆ. ಆರಕ್ಕೆ ಹೋದ ಕೂಡಲೇ ಸಮಾಜ ವಿಜ್ಞಾನ ಅಂತ ಬೇರೆ ಪುಸ್ತಕ. ನಕ್ಷೆ ಓದಲು ಮಗುವಿಗೆ ಬರುತ್ತದೆ ಅಂದುಕೊಂಡೇ ಅಲ್ಲಿ ಪಾಠ ಶುರುವಾಗುತ್ತದೆ. ಹತ್ತನೇ ತರಗತಿಯಲ್ಲಿ ಭಾರತದ ನಕ್ಷೆ ಬಿಡಿಸಿ ಸ್ಥಳ ಗುರುತಿಸಿ ಅಂದಾಗ ಪೆನ್ಸಿಲ್ ಕಚ್ಚುತ್ತಾ ಕೂರುವ ಮಕ್ಕಳು ನಾಲ್ಕನೇ ತರಗತಿಯಲ್ಲೇ ದಾರಿ ತಪ್ಪಿದವರು.

ಎಡವುವುದೆಲ್ಲ ಒಂದೇ ಜಾಗದಲ್ಲಿ. ನಾವು ಗೋಡೆಯಿಂದ ಶುರು ಮಾಡುತ್ತೇವೆ. ನೆಲದಿಂದ ಶುರು ಮಾಡಬೇಕು. ಮೊದಲು ಅಂಗಳ, ಆಮೇಲೆ ಕಾಗದ, ಎಲ್ಲ ಮುಗಿದ ಮೇಲೆ ಗೋಡೆಯ ನಕ್ಷೆ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಒಂದೊಂದಕ್ಕೆ ಎಷ್ಟು ದಿನ ಬೇಕೋ ಅಷ್ಟು ತೆಗೆದುಕೊಳ್ಳಿ. ಮನೆಯಲ್ಲಿ ಒಂದೇ ಮಗುವಿಗೆ ಕಲಿಸುವವರಿಗೂ ಇದೇ ಕ್ರಮ ಸಾಕು.

ಬೇಕಾದ ಸಾಮಾನು

ಒಂದೂವರೆ ಅಡಿಯ ನೆಟ್ಟನೆಯ ಕೋಲು, ಗಟ್ಟಿ ದಾರ, ಸೀಮೆಸುಣ್ಣ, ಲೆಕ್ಕ ಮಾಡುವ ಚೌಕದ ಪುಸ್ತಕ, ಪೆನ್ಸಿಲ್, 30 ಸೆಂಟಿಮೀಟರ್ ಅಳತೆಪಟ್ಟಿ, ಒಂದರೊಳಗೊಂದು ಕೂರುವ ಐದು ಸ್ಟೀಲ್ ಡಬ್ಬಿ, ಬಟ್ಟೆಗೆ ಹಾಕುವ ಕ್ಲಿಪ್ಪು, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕರ್ನಾಟಕದ ಖಾಲಿ ನಕ್ಷೆ. ಗೋಡೆಗೆ ಹಾಕುವ ದೊಡ್ಡ ನಕ್ಷೆ ಇದ್ದರೆ ಸುತ್ತಿ ಒಳಗಿಡಿ. ಆರನೇ ಹಂತದವರೆಗೆ ಅದು ಬೇಡ. ಮೊಬೈಲ್ ಇನ್ನೂ ಆಮೇಲೆ.

ಹಂತ 1: ಅಂಗಳದಲ್ಲಿ ದಿಕ್ಕು ಹಿಡಿಯಿರಿ

ಎಲ್ಲರೂ ಕಲಿಸುವುದು ಒಂದೇ ಸೂತ್ರ. ಬೆಳಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಲ್ಲು. ಎದುರಿಗೆ ಪೂರ್ವ, ಬೆನ್ನಿಗೆ ಪಶ್ಚಿಮ, ಎಡಗೈಗೆ ಉತ್ತರ, ಬಲಗೈಗೆ ದಕ್ಷಿಣ. ಸೂತ್ರ ಸರಿಯಾಗೇ ಇದೆ. ಆದರೆ ಮಗುವಿನ ತಲೆಯಲ್ಲಿ ಉಳಿಯುವುದು "ಎಡಗೈ ಅಂದರೆ ಉತ್ತರ" ಅನ್ನುವ ಬಾಲ ಮಾತ್ರ. ಆಮೇಲೆ ಯಾವ ಕಡೆ ತಿರುಗಿ ನಿಂತರೂ ಎಡಗೈಯನ್ನೇ ಉತ್ತರ ಅನ್ನುತ್ತದೆ. ಟೀಚರ್ ಮಕ್ಕಳ ಎದುರು ನಿಂತು ಕೈ ಚಾಚಿದರೆ ಇನ್ನೂ ಎಡವಟ್ಟು. ಅವರ ಎಡ ಮಕ್ಕಳಿಗೆ ಬಲ. ನೀವೂ ಮಕ್ಕಳ ಜೊತೆಗೆ, ಅವರು ನೋಡುವ ಕಡೆಗೇ ಮುಖ ಮಾಡಿ ನಿಲ್ಲಿ.

ಅದಕ್ಕೇ ಕೈಯನ್ನು ನಂಬದೆ ಕೋಲನ್ನು ನಂಬೋಣ. ಬಿಸಿಲು ಬೀಳುವ ಸಮತಟ್ಟು ನೆಲದಲ್ಲಿ, ಒಂದಡಿ ಮೇಲೆ ಕಾಣುವಂತೆ ಕೋಲು ನೆಡಿ. ಬೆಳಗ್ಗೆ 9.30ಕ್ಕೆ ಅದರ ನೆರಳಿನ ತುದಿಗೆ ಒಂದು ಕಲ್ಲು ಇಡಿ. ಕೋಲಿನ ಬುಡಕ್ಕೆ ದಾರ ಕಟ್ಟಿ, ಆ ಕಲ್ಲಿನವರೆಗಿನ ಉದ್ದಕ್ಕೆ ಸುತ್ತಲೂ ಒಂದು ವೃತ್ತ ಎಳೆಯಿರಿ. ಮಧ್ಯಾಹ್ನದ ಹೊತ್ತಿಗೆ ನೆರಳು ಗಿಡ್ಡವಾಗಿ ವೃತ್ತದ ಒಳಗೆ ಸೇರುತ್ತದೆ. ಆಮೇಲೆ ಮತ್ತೆ ಉದ್ದವಾಗುತ್ತಾ ಹೋಗಿ, ತಿಂಗಳಿಗೂ ಊರಿಗೂ ತಕ್ಕಂತೆ ಸುಮಾರು 2.30ರಿಂದ 4ರ ಒಳಗೆ ವೃತ್ತವನ್ನು ಇನ್ನೊಂದು ಕಡೆ ಮುಟ್ಟುತ್ತದೆ. ಅಲ್ಲೊಂದು ಕಲ್ಲು. ಎರಡು ಕಲ್ಲಿಗೂ ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ-ಪಶ್ಚಿಮ. ಬೆಳಗಿನ ಕಲ್ಲು ಪಶ್ಚಿಮ, ಸಂಜೆಯ ಕಲ್ಲು ಪೂರ್ವ. ಗೆರೆಗೆ ಅಡ್ಡಲಾಗಿ ಇನ್ನೊಂದು ಗೆರೆ ಎಳೆದರೆ ಉತ್ತರ-ದಕ್ಷಿಣ ಸಿಕ್ಕಿತು. ಆ ಗೆರೆಗಳನ್ನು ಸುಣ್ಣದಲ್ಲೋ ಪೇಂಟಿನಲ್ಲೋ ಅಲ್ಲೇ ಉಳಿಸಿ. ವರ್ಷವಿಡೀ ಬೇಕಾಗುತ್ತದೆ.

"ಸೂರ್ಯ ಹುಟ್ಟುವ ಕಡೆ ಪೂರ್ವ" ಅಂದರೆ ಸಾಲದೇ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಅದು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತದೆ. ಕೈ ಉದ್ದಕ್ಕೆ ಚಾಚಿ ಹಿಡಿದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಜೂನಿನಲ್ಲಿ ಅಷ್ಟೇ ಉತ್ತರಕ್ಕೆ.

ಇನ್ನೊಂದು ಬಲೆ ಇದೆ. "ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ" ಅಂತ ಕೆಲವು ಕಡೆ ಬರೆದಿರುತ್ತಾರೆ. ದೆಹಲಿಗೆ ಅದು ಸರಿ, ನಮಗೆ ಅಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಶಾಲೆ ಶುರುವಾಗುವುದೇ ಆ ಹೊತ್ತಿನಲ್ಲಿ, ಅಲ್ವಾ? ನಾನು ಒಂದು ಜೂನ್ ತಿಂಗಳಲ್ಲಿ ಮಧ್ಯಾಹ್ನದ ನೆರಳು ನೋಡಿ ಗೆರೆ ಎಳೆಸಿ, ಇಡೀ ತರಗತಿಗೆ ಉತ್ತರವನ್ನು ಉಲ್ಟಾ ಕಲಿಸಿದ್ದೆ. ಎರಡು ಕಲ್ಲಿನ ಕ್ರಮಕ್ಕೆ ಈ ಕಾಟ ಇಲ್ಲ. ಮಳೆಗಾಲದಲ್ಲಿ ಬಿಸಿಲಿಗೆ ಕಾಯಬೇಕು, ಅಷ್ಟೆ.

ಗೆರೆ ಮೂಡಿದ ಮೇಲೆ ಆಟ ಆಡಿಸಿ. "ಉತ್ತರಕ್ಕೆ ಐದು ಹೆಜ್ಜೆ, ಪೂರ್ವಕ್ಕೆ ಮೂರು." ಮಗು ಪ್ರತಿ ಸಲ ಬೇರೆ ಕಡೆ ಮುಖ ಮಾಡಿ ಶುರು ಮಾಡಲಿ. ಆಗ ಎಡಗೈ ಸೂತ್ರ ತಾನಾಗಿ ಬಿದ್ದುಹೋಗುತ್ತದೆ. ಕರಾವಳಿಯವರಾದರೆ ಊರ ಹೆಸರುಗಳನ್ನೇ ಹಿಡಿದುಕೊಳ್ಳಿ. ಮೂಡಬಿದಿರೆಯ ಮೂಡು ಪೂರ್ವ, ಪಡುಬಿದ್ರಿಯ ಪಡು ಪಶ್ಚಿಮ. ಉಡುಪಿ ಕಡೆಯ ಬಡಾ ಎರ್ಮಾಳು ಉತ್ತರದ್ದು, ತೆಂಕ ಎರ್ಮಾಳು ದಕ್ಷಿಣದ್ದು. ಈಶಾನ್ಯ, ಆಗ್ನೇಯ ಇತ್ಯಾದಿ ನಾಲ್ಕು ಮೂಲೆಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ದಿನವೇ ಎಂಟನ್ನೂ ಹೇಳಿದರೆ ಇದ್ದ ನಾಲ್ಕೂ ಹೋಗುತ್ತವೆ.

ಎಚ್ಚರಿಕೆಯ ಗುರುತು: ಅಂಗಳದಲ್ಲಿ ಸರಿ ಹೇಳುವ ಮಗು ತರಗತಿಯ ಒಳಗೆ ಬಂದ ಮೇಲೆ ತಬ್ಬಿಬ್ಬಾದರೆ ಮುಂದೆ ಹೋಗಬೇಡಿ. ಬಾಗಿಲು ಯಾವ ದಿಕ್ಕಿಗಿದೆ, ಕರಿಹಲಗೆ ಯಾವ ದಿಕ್ಕಿನ ಗೋಡೆಯಲ್ಲಿದೆ ಅಂತ ದಿನಾ ಕೇಳಿ. ಒಂದು ವಾರ ಹಿಡಿಯಬಹುದು.

ಹಂತ 2: ಮೇಲಿನಿಂದ ನೋಡುವುದು

ನಕ್ಷೆ ಅಂದರೆ ಮೇಲಿನಿಂದ ಕಂಡಂತೆ ಬರೆದದ್ದು. ಮಕ್ಕಳು ಬರೆಯುವುದು ಎದುರಿನಿಂದ ಕಂಡಂತೆ. ಶಾಲೆ ಬಿಡಿಸು ಅಂದರೆ ಹೆಂಚಿನ ಮಾಡು, ಎರಡು ಕಿಟಕಿ, ಮೇಲೊಂದು ಬಾವುಟ. ಅದು ಚಿತ್ರ, ನಕ್ಷೆಯಲ್ಲ.

ಒಂದು ಲೋಟ ನೆಲದ ಮೇಲಿಟ್ಟು, ಮಗು ಅದರ ಮೇಲೆ ನೇರವಾಗಿ ಬಗ್ಗಿ ನೋಡಲಿ. "ಏನು ಕಾಣುತ್ತೆ?" ಬರೀ ಒಂದು ಬಳೆ. ಆಮೇಲೆ ಬೆಂಕಿಪೊಟ್ಟಣ, ಚಪ್ಪಲಿ, ಇಡ್ಲಿ ತಟ್ಟೆ. ಒಂದೊಂದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ವಸ್ತು ತೆಗೆದುಬಿಡಿ. ಉಳಿದ ಗೆರೆಯೇ ಅದರ ನಕ್ಷೆ. ಮರ ಕೊನೆಗೆ ಬರಲಿ, ಅದೇ ಎಲ್ಲಕ್ಕಿಂತ ಕಷ್ಟ. ಮೇಲಿನಿಂದ ನೋಡಿದರೆ ಕಾಂಡ ಕಾಣುವುದೇ ಇಲ್ಲ ಅನ್ನುವುದು ಎಷ್ಟೋ ಮಕ್ಕಳಿಗೆ ಒಪ್ಪಿಗೆಯಾಗುವುದಿಲ್ಲ. ಎರಡು ಅಂತಸ್ತಿನ ಕಟ್ಟಡ ಇದ್ದರೆ ಮಹಡಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಕೆಳಗಿನ ಗಿಡ ತೋರಿಸಿ. ವಾದ ಮುಗಿಯುತ್ತದೆ.

ಹಂತ 3: ಹೆಜ್ಜೆಯಿಂದ ಚೌಕಕ್ಕೆ

ಅಳತೆ ಅಂದ ಕೂಡಲೇ ಸೆಂಟಿಮೀಟರ್, ಕಿಲೋಮೀಟರ್ ಅಂತ ಹೊರಡಬೇಡಿ. ಮಗುವಿನ ಹೆಜ್ಜೆಯೇ ಅಳತೆಗೋಲು. ತರಗತಿಯ ಉದ್ದ 14 ಹೆಜ್ಜೆ, ಅಗಲ 11 ಹೆಜ್ಜೆ ಬಂತು ಅನ್ನಿ. ಚೌಕದ ಪುಸ್ತಕದಲ್ಲಿ ಒಂದು ಹೆಜ್ಜೆಗೆ ಒಂದು ಚೌಕದಂತೆ 14ಕ್ಕೆ 11ರ ಪೆಟ್ಟಿಗೆ ಹಾಕಿಸಿ. ಬಾಗಿಲು ಮೂಲೆಯಿಂದ ಎಷ್ಟನೇ ಹೆಜ್ಜೆಗೆ ಇದೆ, ಅದು ಎಷ್ಟನೇ ಚೌಕ? ಮೇಜು ಎಷ್ಟು ಚೌಕ ತಿನ್ನುತ್ತದೆ? ಚುಕ್ಕಿ ರಂಗೋಲಿ ಹಾಕಿ ಅಭ್ಯಾಸ ಇರುವ ಮಕ್ಕಳಿಗೆ ಇದು ಸಲೀಸು. ಚುಕ್ಕಿ ಎಣಿಸಿದಂತೆಯೇ ಚೌಕ ಎಣಿಸುತ್ತಾರೆ.

ಇಲ್ಲಿ ನಡೆಯುವ ತಪ್ಪು ಎರಡು. ಒಂದು, ಉದ್ದವನ್ನು ಒಬ್ಬ ಅಳೆಯುತ್ತಾನೆ, ಅಗಲವನ್ನು ಇನ್ನೊಬ್ಬ. ಇಬ್ಬರ ಹೆಜ್ಜೆ ಒಂದೇ ಇರುವುದಿಲ್ಲ, ಕೋಣೆ ಸೊಟ್ಟಗಾಗುತ್ತದೆ. ಒಂದು ನಕ್ಷೆಗೆ ಒಬ್ಬರದೇ ಹೆಜ್ಜೆ. ಇನ್ನೊಂದು, ಮಗು ತನಗೆ ಇಷ್ಟವಾದದ್ದನ್ನು ದೊಡ್ಡದಾಗಿ ಬರೆಯುತ್ತದೆ. ಒಬ್ಬ ಹುಡುಗ ಬಿಡಿಸಿದ ನಕ್ಷೆಯಲ್ಲಿ ಬಿಸಿಯೂಟದ ಕೋಣೆ ಇಡೀ ಶಾಲೆಗಿಂತ ದೊಡ್ಡದಿತ್ತು. ಬೈಯಬೇಡಿ. "ಎಷ್ಟು ಹೆಜ್ಜೆ?" ಅಂತ ಮಾತ್ರ ಕೇಳಿ. ಅವನೇ ಹೋಗಿ ಅಳೆದು ಬಂದು ಅಳಿಸುತ್ತಾನೆ.

ಮೂಲೆಯಲ್ಲಿ ಉತ್ತರದ ಬಾಣ, ಕೆಳಗೆ "1 ಚೌಕ = 1 ಹೆಜ್ಜೆ" ಇಲ್ಲದ ನಕ್ಷೆಯನ್ನು ವಾಪಸ್ ಕೊಡಿ. ಇದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಕಲಿತದ್ದು ನಿಜವೋ ಅಂತ ನೋಡಲು ಪ್ರಶ್ನೆಪತ್ರಿಕೆ ಬೇಡ. ತರಗತಿಯಲ್ಲಿ ಎಲ್ಲೋ ಒಂದು ಕಡೆ ಕಡಲೆ ಮಿಠಾಯಿ ಅಡಗಿಸಿಡಿ. ನಕ್ಷೆಯ ಆ ಚೌಕದಲ್ಲಿ ಗುರುತು ಹಾಕಿ ಕೊಡಿ. ಹುಡುಕಿದವರಿಗೆ ಮಿಠಾಯಿ. ನಕ್ಷೆಯನ್ನು ಕೋಣೆಗೆ ಸರಿಯಾಗಿ ತಿರುಗಿಸಿಕೊಂಡು ಹೊರಟ ಮಗುವಿಗೆ ಬಂದಿದೆ. ನಕ್ಷೆ ಒಂದು ಕಡೆ, ಕಾಲು ಒಂದು ಕಡೆ ಹೋಗುತ್ತಿದ್ದರೆ ಇನ್ನೂ ಬಂದಿಲ್ಲ.

ಹಂತ 4: ಓಣಿಯ ನಕ್ಷೆ

ಈಗ ಗೇಟು ದಾಟಿ. 10 ಹೆಜ್ಜೆಗೆ ಒಂದು ಚೌಕ ಅಂತ ಅಳತೆ ಬದಲಿಸಿ, ಶಾಲೆಯಿಂದ ಬಸ್ ಸ್ಟಾಪಿನವರೆಗಿನ ರಸ್ತೆ ಸಾಕು. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಎಣಿಸಲಿ, ಒಬ್ಬರು ಬರೆಯಲಿ. ಮೊದಲು ರಸ್ತೆ, ತಿರುವು. ಆಮೇಲೆ ಕದಲದ ವಸ್ತುಗಳು: ಬಾವಿ, ನೀರಿನ ಟ್ಯಾಂಕು, ಅರಳಿಕಟ್ಟೆ, ಅಂಗನವಾಡಿ, ಹಾಲಿನ ಡೇರಿ. ನಿಂತ ಟ್ರ್ಯಾಕ್ಟರನ್ನೂ ಮಲಗಿದ ನಾಯಿಯನ್ನೂ ಬರೆದಿರುತ್ತಾರೆ. "ನಾಳೆ ಬಂದರೆ ಇದು ಇಲ್ಲೇ ಇರುತ್ತಾ?" ಅಂತ ಕೇಳಿದರೆ ಅವರೇ ತೆಗೆಯುತ್ತಾರೆ. ಒಬ್ಬಳು ಮಾತ್ರ ನಾಯಿ ಇದ್ದೇ ಇರುತ್ತೆ ಮಿಸ್ ಅಂತ ಹಠ ಹಿಡಿದಿದ್ದಳು. ಅವಳು ಹೇಳಿದ್ದು ನಿಜವೇ ಆಗಿತ್ತು.

ಪ್ರತಿಯೊಂದನ್ನೂ ಚಿತ್ರವಾಗಿ ಬರೆದರೆ ಜಾಗ ಸಾಲುವುದಿಲ್ಲ ಅಂತ ಇಲ್ಲಿ ತಾನಾಗಿ ಗೊತ್ತಾಗುತ್ತದೆ. ಚಿಹ್ನೆಯ ಅಗತ್ಯ ಹುಟ್ಟುವುದು ಆಗ. ಮಕ್ಕಳೇ ಚಿಹ್ನೆ ಕಂಡುಹಿಡಿಯಲಿ. ಬಾವಿಗೆ ನೀಲಿ ಸೊನ್ನೆ, ದೇವಸ್ಥಾನಕ್ಕೆ ಪುಟ್ಟ ತ್ರಿಕೋನ. ಪಕ್ಕದಲ್ಲಿ ಸೂಚಿ ಬರೆಯಲಿ. ಆಮೇಲೆ ಜೋಡಿಗಳು ನಕ್ಷೆ ಅದಲು ಬದಲು ಮಾಡಿಕೊಂಡು ಓದಲಿ. ಸೂಚಿ ಬರೆಯದವರ ನಕ್ಷೆ ಯಾರಿಗೂ ಅರ್ಥವಾಗುವುದಿಲ್ಲ. ಪುಸ್ತಕದ ಚಿಹ್ನೆಗಳ ಪಟ್ಟಿಯನ್ನು ಇದಾದ ಮೇಲೆ ತೆಗೆದರೆ, ಇಡೀ ದೇಶ ಒಂದೇ ಚಿಹ್ನೆ ಯಾಕೆ ಬಳಸಬೇಕು ಅಂತ ಹೇಳುವ ಕೆಲಸವೇ ಉಳಿಯುವುದಿಲ್ಲ.

ರಸ್ತೆಗೆ ಹೋಗುವಾಗ ಜೊತೆಗೆ ಇನ್ನೊಬ್ಬ ದೊಡ್ಡವರು ಇರಲಿ. ಎಣಿಸುವ ಮಗುವಿಗೆ ಎದುರಿನ ಬೈಕು ಕಾಣುವುದಿಲ್ಲ.

ಹಂತ 5: ಡಬ್ಬಿಯೊಳಗೆ ಡಬ್ಬಿ

"ನೀನು ಇರೋದು ಕರ್ನಾಟಕದಲ್ಲೋ ಭಾರತದಲ್ಲೋ?" ಅಂತ ಕೇಳಿ ನೋಡಿ. ಒಂಬತ್ತು ವರ್ಷದ ಮಗು ಎರಡರಲ್ಲಿ ಒಂದನ್ನು ಆರಿಸುತ್ತದೆ. ಒಂದೇ ಹೊತ್ತಿಗೆ ಎರಡು ಕಡೆ ಹೇಗಿರೋದು? ಮೈಸೂರು, ಹಾಸನ, ಧಾರವಾಡದಂಥ ಕಡೆ ಊರಿನ ಹೆಸರೇ ತಾಲ್ಲೂಕಿಗೂ ಜಿಲ್ಲೆಗೂ ಇರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಐದು ಸ್ಟೀಲ್ ಡಬ್ಬಿಗೆ ಚೀಟಿ ಅಂಟಿಸಿ: ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ. ಒಂದು ಹುಣಸೆಬೀಜಕ್ಕೆ ಮಗುವಿನ ಹೆಸರಿಟ್ಟು ಅತಿ ಚಿಕ್ಕ ಡಬ್ಬಿಗೆ ಹಾಕಿ ಮುಚ್ಚಿ. ಒಂದೊಂದಾಗಿ ಒಳಗೆ ಸೇರಿಸಿ ದೊಡ್ಡ ಡಬ್ಬಿ ಮುಚ್ಚಿದ ಮೇಲೆ ಕೇಳಿ: "ಬೀಜ ಎಲ್ಲಿದೆ?" "ಊರು ಡಬ್ಬೀಲಿ." "ದೇಶದ ಡಬ್ಬೀಲಿ ಇಲ್ವಾ?" ಮಗು ಯೋಚಿಸುತ್ತದೆ. ಡಬ್ಬಿ ಅದರ ಕೈಗೇ ಕೊಟ್ಟು ಅಲ್ಲಾಡಿಸಲು ಹೇಳಿ. ಒಳಗಿನಿಂದ ಲೊಟಲೊಟ ಸದ್ದು ಬರುತ್ತದೆ. "ಅದರಲ್ಲೂ ಇದೆ!" ಆ ಮುಖ ನೋಡಬೇಕು.

ಹೋಬಳಿಯನ್ನೂ ಗ್ರಾಮ ಪಂಚಾಯಿತಿಯನ್ನೂ ಈ ಸಾಲಿಗೆ ಸೇರಿಸಬೇಡಿ. ಹೋಬಳಿ ಕಂದಾಯದ ಲೆಕ್ಕದ್ದು, ಪಂಚಾಯಿತಿ ಜನ ಆರಿಸಿದವರು ನಡೆಸುವಂಥದ್ದು. ಎರಡಕ್ಕೂ ಬೇರೆ ಬೇರೆ ಡಬ್ಬಿ ಬೇಕಾಗುತ್ತದೆ, ನಾಲ್ಕನೇ ತರಗತಿಗೆ ಅದು ಹೊರೆ.

ಹಂತ 6: ಗೋಡೆಯ ನಕ್ಷೆಯನ್ನು ನೆಲಕ್ಕೆ ಹಾಸಿ

ಈಗ ಸುತ್ತಿಟ್ಟ ನಕ್ಷೆ ತೆಗೆಯಿರಿ. ಮೊದಲು ಅದು ಎಷ್ಟು ಹಳೆಯದು ನೋಡಿ. ವಿಜಯನಗರ ಜಿಲ್ಲೆ ಇಲ್ಲದಿದ್ದರೆ 2021ಕ್ಕಿಂತ ಹಿಂದಿನದು. ಬಳ್ಳಾರಿಯಿಂದ ಅದು ಬೇರೆಯಾಗಿ ಜಿಲ್ಲೆಗಳು 31 ಆದವು. ಪೂರ್ವದ ಗಡಿಯಲ್ಲಿ ತೆಲಂಗಾಣವೇ ಇಲ್ಲದಿದ್ದರೆ 2014ಕ್ಕೂ ಹಿಂದಿನದು. ಹಳೆಯದನ್ನು ಎಸೆಯಬೇಕಿಲ್ಲ. ಏನು ಬದಲಾಗಿದೆ ಅಂತ ಮಕ್ಕಳಿಂದಲೇ ಹುಡುಕಿಸಿ.

ನಕ್ಷೆಯನ್ನು ಗೋಡೆಗೆ ಹಾಕಬೇಡಿ, ಅಂಗಳಕ್ಕೆ ಒಯ್ಯಿರಿ. ಮೊದಲ ಹಂತದಲ್ಲಿ ಎಳೆದ ಉತ್ತರದ ಗೆರೆಗೆ ನಕ್ಷೆಯ ಉತ್ತರ ಕೂಡುವಂತೆ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಡಿ. ಮಕ್ಕಳು ಸುತ್ತ ಕೂರಲಿ. ಬೀದರ್ ಇರುವ ಕಡೆ ನಡೆದರೆ ನಿಜಕ್ಕೂ ಬೀದರ್ ಕಡೆಗೇ ಹೋಗುತ್ತೇವೆ ಅನ್ನುವುದು ಗೊತ್ತಾಗುವ ದಿನ ಇದು. ಮೇಲೆ, ಕೆಳಗೆ ಅನ್ನುವ ಪದಗಳನ್ನು ಆವತ್ತಿಗೆ ನಿಷೇಧಿಸಿ. ಬಾಯಿತಪ್ಪಿ ಅಂದವರು ಒಂದು ಬಸ್ಕಿ ಹೊಡೆಯಲಿ, ನೀವೂ ಸೇರಿ. ನಾನೇ ಜಾಸ್ತಿ ಹೊಡೆದದ್ದು.

ಈ ನಿಷೇಧ ಯಾಕೆ ಅಂದರೆ ನದಿಗಳ ಪಾಠ ಕೆಡುವುದು ಆ ಪದಗಳಿಂದಲೇ. ತುಂಗಾ ಮತ್ತು ಭದ್ರಾ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರಿ, ಹರಿಹರ ದಾಟಿ, ಹೊಸಪೇಟೆ ಕಡೆ ಉತ್ತರಕ್ಕೆ ಸಾಗುತ್ತವೆ. ಗೋಡೆಯ ನಕ್ಷೆ ನೋಡಿದ ಹುಡುಗಿಯೊಬ್ಬಳು ಕೇಳಿದ್ದಳು: "ಮಿಸ್, ನದಿ ಏಣಿ ಹತ್ತತ್ತಾ?" ನೀರು ಇಳಿಜಾರಿಗೆ ಹರಿಯುತ್ತದೆ, ಕಾಗದದ ಕೆಳಭಾಗಕ್ಕಲ್ಲ. ನೆಲದ ಮೇಲೆ ಮಣ್ಣಿನಲ್ಲಿ ಪಶ್ಚಿಮಕ್ಕೆ ಉದ್ದಕ್ಕೂ ಒಂದು ದಿಬ್ಬ ಮಾಡಿ, ಅದೇ ಪಶ್ಚಿಮ ಘಟ್ಟ. ದಿಬ್ಬದ ನೆತ್ತಿಯಲ್ಲಿ ಚೊಂಬಿನಿಂದ ನೀರು ಬಿಡಿ. ಒಂದಿಷ್ಟು ಪಶ್ಚಿಮಕ್ಕೆ ಬೇಗ ಬೇಗ ಇಳಿದುಹೋಗುತ್ತದೆ, ಶರಾವತಿ ಮತ್ತು ನೇತ್ರಾವತಿಯ ಹಾಗೆ. ಉಳಿದದ್ದು ಪೂರ್ವಕ್ಕೆ ನಿಧಾನವಾಗಿ ಹರಡಿಕೊಂಡು ಹೋಗುತ್ತದೆ, ಕಾವೇರಿಯ ಹಾಗೆ. ತಲಕಾವೇರಿಯಿಂದ ಅರಬ್ಬೀ ಸಮುದ್ರ ಅಷ್ಟು ಹತ್ತಿರ ಇದ್ದರೂ ಕಾವೇರಿ ಬಂಗಾಳ ಕೊಲ್ಲಿಯವರೆಗೆ ಯಾಕೆ ಹೋಗುತ್ತಾಳೆ ಅನ್ನುವುದಕ್ಕೆ ಒಂದು ಚೊಂಬು ನೀರು ಸಾಕು.

ಬಣ್ಣದ ವಿಷಯದಲ್ಲಿ ಎರಡು ಕಡೆ ಎಡವುತ್ತಾರೆ. ಜಿಲ್ಲೆಗಳ ನಕ್ಷೆಯಲ್ಲಿ ಬಣ್ಣ ಬರೀ ಅಕ್ಕಪಕ್ಕದ ಜಿಲ್ಲೆ ಬೇರೆಯಾಗಿ ಕಾಣಲಿ ಅಂತ. ಅದಕ್ಕೆ ಇನ್ನೇನೂ ಅರ್ಥವಿಲ್ಲ. ಭೂಮಿಯ ಏರಿಳಿತ ತೋರಿಸುವ ನಕ್ಷೆಯಲ್ಲಿ ಹಸಿರು ಅಂದರೆ ತಗ್ಗು ನೆಲ, ಕಂದು ಅಂದರೆ ಎತ್ತರ. ಮಕ್ಕಳು ಹಸಿರನ್ನು ಕಾಡು ಅಂತಲೂ ಕಂದನ್ನು ಒಣ ನೆಲ ಅಂತಲೂ ಓದುತ್ತಾರೆ. ಹಾಗೆ ಓದಿದರೆ ದಟ್ಟ ಕಾಡಿನ ಪಶ್ಚಿಮ ಘಟ್ಟವೇ ಬರಡಾಗಿಬಿಡುತ್ತದೆ! ಬಣ್ಣ ನೋಡುವ ಮೊದಲು ನಕ್ಷೆಯ ಹೆಸರು, ಸೂಚಿ ಗಟ್ಟಿಯಾಗಿ ಓದಿಸಿ.

ಆಮೇಲೆ ಖಾಲಿ ನಕ್ಷೆ ತುಂಬುವುದು. ಹೆಸರುಗಳ ಪಟ್ಟಿ ಕೊಟ್ಟು ತುಂಬಿಸಬೇಡಿ. ನಾಲ್ಕು ಗೂಟ ಮೊದಲು ಹೊಡೆಯಿರಿ: ಉತ್ತರದ ತುದಿಗೆ ಬೀದರ್, ದಕ್ಷಿಣಕ್ಕೆ ಚಾಮರಾಜನಗರ, ಪಶ್ಚಿಮದ ಕಡಲಂಚಿಗೆ ಕಾರವಾರ, ಪೂರ್ವಕ್ಕೆ ಕೋಲಾರ. ಐದನೆಯದು ನಿಮ್ಮ ಊರು. ಉಳಿದದ್ದೆಲ್ಲ ಇವುಗಳಿಂದ ಎಷ್ಟು ದೂರ, ಯಾವ ದಿಕ್ಕು ಅಂತ ಹೇಳಿಸುತ್ತಾ ತುಂಬಿಸಿ. ಕಡಲು ಮುಟ್ಟುವ ಜಿಲ್ಲೆ ಮೂರೇ: ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಇದು ಗೊತ್ತಿದ್ದರೆ ಪಶ್ಚಿಮದ ಅಂಚು ಮುಗಿಯಿತು.

ರಾಜ್ಯದ ಉದ್ದ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ., ಅಗಲ ಸುಮಾರು 400 ಕಿ.ಮೀ. 1 ಸೆಂಟಿಮೀಟರಿಗೆ 30 ಕಿ.ಮೀ. ಹಿಡಿದರೆ 25 ಸೆಂಟಿಮೀಟರ್ ಉದ್ದ ಬರುತ್ತದೆ, ಎ4 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಆ ಅಳತೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಅಳತೆಪಟ್ಟಿ ಇಟ್ಟರೆ ಹತ್ತಿರ ಹತ್ತಿರ 10 ಸೆಂಟಿಮೀಟರ್, ಅಂದರೆ 300 ಕಿ.ಮೀ. ಬಸ್ಸಿನಲ್ಲಿ ಹೋಗಿ ಬಂದ ಮಗು "350 ಅಂತ ಅಪ್ಪ ಹೇಳಿದ್ರು" ಅನ್ನುತ್ತದೆ. ಇಬ್ಬರೂ ಸರಿ. ಅಳತೆಪಟ್ಟಿ ಹಾರಿ ಹೋಗುತ್ತದೆ, ಬಸ್ಸು ಘಾಟಿ ಇಳಿಯಬೇಕು. ದೊಡ್ಡ ನಕ್ಷೆಯ ರಸ್ತೆಯ ಮೇಲೆ ತಿರುವು ತಿರುವಿಗೂ ದಾರ ಬಗ್ಗಿಸಿ ಹಿಡಿದು, ಆಮೇಲೆ ದಾರವನ್ನು ನೆಟ್ಟಗೆ ಮಾಡಿ ಅಳೆಯಲು ಕೊಡಿ.

ಇಷ್ಟೂ ಆದ ಮೇಲೆ ನಕ್ಷೆಯನ್ನು ಗೋಡೆಗೆ ಹಾಕಿ. ಆಗುವುದಾದರೆ ಉತ್ತರದ ಗೋಡೆಗೇ. ಆಗ ಮಗು ನಕ್ಷೆ ನೋಡುವಾಗ ಮುಖ ಉತ್ತರಕ್ಕೇ ಇರುತ್ತದೆ.

ಹಂತ 7: ಕಾಲದ ಹಗ್ಗ

ನಕ್ಷೆ ಬಂದ ಮಗುವಿಗೆ ಕಾಲ ಕಲಿಸುವುದು ಸುಲಭ. ಅದೂ ಅಳತೆಯದೇ ಆಟ. ಮೊದಲು ಮಗುವಿನದೇ ಬದುಕು: ಒಂದು ವರ್ಷಕ್ಕೆ ಒಂದು ಗೇಣು. ಹುಟ್ಟಿದ್ದು, ತಂಗಿ ಬಂದದ್ದು, ಶಾಲೆಗೆ ಸೇರಿದ್ದು ಚೀಟಿಯಲ್ಲಿ ಬರೆದು ಹಗ್ಗಕ್ಕೆ ಕ್ಲಿಪ್ಪು ಹಾಕಿಸಿ. ಮಕ್ಕಳು ಚೀಟಿಗಳನ್ನು ಒಂದೇ ಸಮ ಅಂತರದಲ್ಲಿ ಸಿಕ್ಕಿಸುತ್ತಾರೆ, ಬಟ್ಟೆ ಒಣಹಾಕಿದ ಹಾಗೆ. ಪ್ರತಿ ಸಲ ಗೇಣು ಹಾಕಿಸಿ.

ಆಮೇಲೆ ಬೇರೆ ಹಗ್ಗ, ಬೇರೆ ಅಳತೆ. ಅದೇ ಹಗ್ಗದಲ್ಲಿ ಅಳತೆ ಬದಲಿಸಿದರೆ ಎಲ್ಲವೂ ಕಲಸುಮೇಲೋಗರ. ಈಗ 1 ವರ್ಷಕ್ಕೆ 1 ಸೆಂಟಿಮೀಟರ್. ಮಗುವಿನ ಇಡೀ ಬದುಕು ಹತ್ತು ಸೆಂಟಿಮೀಟರಿಗೆ ಇಳಿಯುತ್ತದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ 1973, ಮೈಸೂರು ರಾಜ್ಯವಾಗಿ ಒಂದಾದ 1956, ಸ್ವಾತಂತ್ರ್ಯದ 1947 ಇವೆಲ್ಲ ಒಂದು ಮೀಟರಿನ ಒಳಗೇ, ಅಜ್ಜಿ ಹುಟ್ಟಿದ ವರ್ಷದ ಅಕ್ಕಪಕ್ಕ. ವಿಜಯನಗರ ಸೈನ್ಯ ಸೋತ 1565ರ ಯುದ್ಧಕ್ಕೆ ಸುಮಾರು ನಾಲ್ಕೂವರೆ ಮೀಟರ್ ನಡೆಯಬೇಕು, ಆ ರಾಜ್ಯ ಹುಟ್ಟಿದ 1336ಕ್ಕೆ ಸುಮಾರು 7 ಮೀಟರ್. ಕ್ರಿ.ಶ. 450ರ ಸುಮಾರಿನದು ಅನ್ನುವ ಹಲ್ಮಿಡಿ ಶಾಸನಕ್ಕೆ ಹಗ್ಗ ತರಗತಿಯ ಬಾಗಿಲು ದಾಟಿ ವರಾಂಡಕ್ಕೆ ಬರುತ್ತದೆ, ಸುಮಾರು 16 ಮೀಟರ್. ಮಸ್ಕಿಯ ಅಶೋಕನ ಶಾಸನಕ್ಕೆ ಇನ್ನೂ 7 ಮೀಟರ್. ನಮ್ಮಲ್ಲಿ ಅಶೋಕ ನಲ್ಲಿ ಹತ್ತಿರ ನಿಂತಿದ್ದ. "ಅಜ್ಜಿ ಗಾಂಧೀಜಿನ ನೋಡಿದ್ರಾ?" ಅನ್ನುವುದಕ್ಕೂ "ಅಜ್ಜಿ ಕೃಷ್ಣದೇವರಾಯನ್ನ ನೋಡಿದ್ರಾ?" ಅನ್ನುವುದಕ್ಕೂ ಇರುವ ದೂರ ಕಾಲಿಗೆ ಗೊತ್ತಾಗಬೇಕು.

ಹಂತ 8: ಹಿರಿಯರನ್ನು ಕೇಳುವುದು

"ಅಜ್ಜಿ, ಆಗ ಹೇಗಿತ್ತು?" ಅಂದರೆ "ಚೆನ್ನಾಗಿತ್ತು ಕಂದ" ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಪ್ರಶ್ನೆಗೆ ಒಂದು ವಸ್ತು, ಒಂದು ಕೆಲಸ ಇರಬೇಕು. "ನಿಮಗೆ ನನ್ನಷ್ಟು ವಯಸ್ಸಿದ್ದಾಗ ನೀರು ಎಲ್ಲಿಂದ ತರ್ತಿದ್ರಿ? ಯಾರು ಹೊರ್ತಿದ್ರು?" ಆಗ ಮಾತು ಹರಿಯುತ್ತದೆ.

ಹಿರಿಯರು ಇಸವಿ ಹೇಳುವುದಿಲ್ಲ. "ಊರಿಗೆ ಕರೆಂಟು ಬಂದ ವರ್ಷ" ಅನ್ನುತ್ತಾರೆ. ಮುಂದಿನ ಪ್ರಶ್ನೆ ಕಲಿಸಿಕೊಡಿ: "ಆಗ ನಿಮ್ಮ ಮದುವೆ ಆಗಿತ್ತಾ? ದೊಡ್ಡಪ್ಪ ಹುಟ್ಟಿದ್ರಾ?" ದೊಡ್ಡಪ್ಪ ತೊಟ್ಟಿಲಲ್ಲಿದ್ದರು ಅಂದರೆ ಇಸವಿ ಸಿಕ್ಕಿತು, ಹಗ್ಗಕ್ಕೆ ಇನ್ನೊಂದು ಚೀಟಿ. ಅದೇ ಸಂಗತಿಯನ್ನು ಇನ್ನೊಬ್ಬರ ಹತ್ತಿರವೂ ಕೇಳಿಸಿ. ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆದುಕೊಳ್ಳಲಿ, ಯಾರದು ಸುಳ್ಳು ಅಂತ ತೀರ್ಪು ಬೇಡ.

ಹಂತ 9: ಮೊಬೈಲು, ಪಂಚಾಯಿತಿ

ಮೊಬೈಲಿನ ನಕ್ಷೆ ಈಗ ಕೊಡಬಹುದು. ಮೊದಲೇ ಕೊಟ್ಟರೆ ನೀಲಿ ಚುಕ್ಕಿ ಎಲ್ಲವನ್ನೂ ಹೇಳಿಬಿಡುತ್ತದೆ, ಮಗು ಏನೂ ಹುಡುಕುವುದಿಲ್ಲ. ಉತ್ತರ ಒಂದೇ ಕಡೆ ನಿಲ್ಲುವಂತೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತಿರುಗಿದಂತೆಲ್ಲ ನಕ್ಷೆಯೂ ತಿರುಗುತ್ತದೆ. ಬೆರಳಲ್ಲಿ ಹಿಗ್ಗಿಸಿದಾಗ ಮೂಲೆಯ ಅಳತೆಗೆರೆ ಬದಲಾಗುವುದನ್ನು ತೋರಿಸಿ. ದಿಕ್ಸೂಚಿ ಆ್ಯಪನ್ನು ಕಬ್ಬಿಣದ ಬೆಂಚಿನ ಮೇಲಿಟ್ಟು ನಂಬಬೇಡಿ, ಅಯಸ್ಕಾಂತ ಇರುವ ಕವರಿದ್ದರೆ ಕಳಚಿ. ರೈತರ ಮಕ್ಕಳಾದರೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ತಮ್ಮ ಹೊಲದ ಸರ್ವೆ ನಂಬರ್ ನೋಡಲಿ. ಅಪ್ಪಂದಿರೂ ಪಕ್ಕದಲ್ಲಿ ಬಂದು ಕೂರುತ್ತಾರೆ.

ಓಣಿಯ ನಕ್ಷೆಗಳನ್ನು ಎತ್ತಿಟ್ಟಿದ್ದೀರಲ್ಲ, ಅವಕ್ಕೆ ಇನ್ನೊಂದು ಕೆಲಸವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬೀದಿದೀಪ ಇಲ್ಲದ ಕಡೆ, ಮಳೆ ಬಂದರೆ ನೀರು ನಿಲ್ಲುವ ಕಡೆ ಕೆಂಪು ಗುರುತು ಹಾಕಿ ಮಕ್ಕಳು ಅದನ್ನೇ ಒಯ್ಯಲಿ. ಮನವಿಪತ್ರವನ್ನು ಟೀಚರ್ ಬರೆದು ಮಗುವಿನಿಂದ ಓದಿಸುವುದು ಬೇಡ.

ಒಂದು ಸಭೆಯಲ್ಲಿ ನಮ್ಮ ಐದನೇ ತರಗತಿಯ ಹುಡುಗಿ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಸದಸ್ಯರೊಬ್ಬರು ಬಗ್ಗಿ ನೋಡಿ, "ಚರಂಡಿ ಕಟ್ಟಿಕೊಂಡಿರೋದು ಎಲ್ಲಮ್ಮಾ?" ಅಂದರು. ಅವಳು ತಕ್ಷಣ ಬೆರಳಿಡಲಿಲ್ಲ. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು ನೋಡಿದಳು, ಕಾಗದವನ್ನು ಕಾಲು ಸುತ್ತು ತಿರುಗಿಸಿದಳು, ಆಮೇಲೆ ಗೋಡೆಯಾಚೆಗೆ ಕೈ ಚಾಚಿ, "ಆ ಕಡೆ ಸರ್. ಇಲ್ಲಿಂದ ನೂರಾ ನಲವತ್ತು ಹೆಜ್ಜೆ" ಅಂದಳು.